ಕಿಟಕಿ ಪಕ್ಕ ಕೂತದ್ದು ಅವನಿಗೆ ಹೆಂಗೆ ಗೊತ್ತು?

ಗೊತ್ತಿಲ್ಲದ ನಂಬರಿನಿಂದ ಫೋನ್ ಬರುವುದು ಈಗ ಯಾವ ಊರಿಗೂ ಹೊಸದಲ್ಲ. ಸಾಲ ಬೇಕಾ ಅಂತ ಒಬ್ಬ, ಲಾಟರಿ ಹೊಡೆದಿದೆ ಅಂತ ಇನ್ನೊಬ್ಬ. ಹಾಲ್ಕುರಿಕೆಯ ಪುಟ್ಟಗಂಗಮ್ಮ ಅಂಥವರಿಗೆ ಎರಡು ಮಾತು ಬೈದು ಫೋನ್ ಇಟ್ಟುಬಿಡುತ್ತಿದ್ದರು. ಆದರೆ ಅವತ್ತು ಅವರ ಸೊಸೆಯ ಫೋನಿಗೆ ಬಂದ ಕರೆ ಆ ಥರದ್ದಾಗಿರಲಿಲ್ಲ.

ಸೊಸೆ ಗಂಗಲಕ್ಷ್ಮಿ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಫೋನ್ ಜಗಲಿ ಮೇಲಿತ್ತು. ಅವಳ ಗಂಡ ಬಾಲರಾಜು ಎತ್ತಿಕೊಂಡ.

"ಗಂಗಲಕ್ಷ್ಮಿ ಅವರಿಗೆ ಕೊಡ್ತೀರಾ?" ಅಂದಿತು ಒಂದು ಗಂಡು ದನಿ.

"ನೀವ್ಯಾರು?"

"ಅವರ ಹತ್ರಾನೇ ಮಾತಾಡಬೇಕಿತ್ತು. ದೆಹಲಿಗೆ ವಿಮಾನದಲ್ಲಿ ಹೋಗಿದ್ರಲ್ಲ, ಕಿಟಕಿ ಪಕ್ಕದ ಸೀಟು. ನಾಳೆ ಅವರ ಹುಟ್ಟಿದಹಬ್ಬ ಬೇರೆ. ಅದಕ್ಕೇ ಫೋನ್ ಮಾಡಿದೆ."

"ನಂಗೇ ಹೇಳಿ. ನಾನು ಅವಳ ಗಂಡ."

ಆ ಕಡೆಯವನು ಫೋನ್ ಇಟ್ಟುಬಿಟ್ಟ.

ಬಾಲರಾಜು ಫೋನನ್ನೇ ನೋಡುತ್ತಾ ಕೂತ. ಹೆಂಡತಿಯ ಹುಟ್ಟಿದಹಬ್ಬ ನಾಳೆ ಅನ್ನುವುದು ಅವನಿಗೇ ನೆನಪಿರಲಿಲ್ಲ. ಇವನ್ಯಾರೋ ನೆನಪಿಟ್ಟುಕೊಂಡಿದ್ದಾನೆ.

ಗಂಗಲಕ್ಷ್ಮಿ ದೆಹಲಿಗೆ ಹೋಗಿದ್ದು ನಿಜ. ಅವಳ ಸ್ತ್ರೀಶಕ್ತಿ ಸಂಘದವರು ಕೊಬ್ಬರಿ ಮಿಠಾಯಿ, ಚಿಪ್ಪಿನ ಸೌಟು, ತೆಂಗಿನ ನಾರಿನ ಕಾಲೊರಸು ಮಾಡಿ ಮಾರುತ್ತಾರೆ. ದೆಹಲಿಯ ಮೇಳಕ್ಕೆ ಕರೆ ಬಂದಾಗ ಇನ್ನೊಂದು ಸಂಘದವರನ್ನೂ ಸೇರಿಸಿಕೊಂಡು, ಸಂಘಗಳ ಲಾಭದ ಹಣದಲ್ಲೇ ಟಿಕೆಟ್ ಮಾಡಿಸಿ ನಾಲ್ಕು ಜನ ಹೆಂಗಸರು ಹೋಗಿ ಬಂದಿದ್ದರು. ಟಿಕೆಟ್ ಮಾಡಿಕೊಟ್ಟಿದ್ದು ತಿಪಟೂರಿನ ಒಂದು ಟ್ರಾವೆಲ್ಸ್. ಟಿಕೆಟ್‌ನಲ್ಲಿ ಗಂಗಲಕ್ಷ್ಮಿಯ ಹೆಸರು ತಪ್ಪಾಗಿ ಬಂದಿತ್ತು. ಅದನ್ನು ಸರಿ ಮಾಡಿಸೋಕೆ ಅವಳ ಆಧಾರ್ ಕಾರ್ಡಿನ ಫೋಟೋ ತೆಗೆದು ವಿಮಾನ ಕಂಪನಿಗೆ ಕಳಿಸಿದ್ದರು. ಊರಿಗೆ ಬಂದ ಮೇಲೆ ಮೋಡದ ಮೇಲೆ ಹೋದದ್ದನ್ನು ಅವಳು ಎಷ್ಟು ಸಲ ಹೇಳಿದ್ದಳೋ. ಬಾಲರಾಜುವೂ ಕೇಳಿ ಖುಷಿಪಟ್ಟಿದ್ದ.

ಈಗ ಅದೇ ದೆಹಲಿ ಅವನ ಎದೆಯಲ್ಲಿ ಮುಳ್ಳಾಯಿತು.

ಹಾಲಿನ ಚೊಂಬು ಹಿಡಿದು ಗಂಗಲಕ್ಷ್ಮಿ ಒಳಗೆ ಬಂದಾಗ ಅವನು ಏನೂ ಕೇಳಲಿಲ್ಲ. ಕೇಳಿದ್ದು, ಮಗನ ಬಾಯಿಂದ ಎಲ್ಲ ತಿಳಿದುಕೊಂಡಿದ್ದ ಪುಟ್ಟಗಂಗಮ್ಮ.

"ಯಾವನೇ ಅವ್ನು? ನಿನ್ನ ಹತ್ರಾನೇ ಮಾತಾಡಬೇಕಂತೆ."

"ಯಾರು ಅತ್ತೆ? ನಂಗೊತ್ತಿಲ್ಲ."

"ನಿಂಗೊತ್ತಿಲ್ಲ, ಅವನಿಗೆ ನೀನು ಕಿಟಕಿ ಪಕ್ಕ ಕೂತಿದ್ದು ಗೊತ್ತು!"

ಗಂಗಲಕ್ಷ್ಮಿ ನಕ್ಕುಬಿಟ್ಟಳು. ಯಾರೋ ತಮಾಷೆ ಮಾಡಿರಬೇಕು ಅಂದುಕೊಂಡಳು. ಆ ನಗುವೇ ತಪ್ಪಾಯಿತು. ನಗೋದು ನೋಡು, ಅಂದರು ಅತ್ತೆ.

ಆಮೇಲೆ ಕರೆಗಳು ಬರುತ್ತಲೇ ಇದ್ದವು. ಒಂದೊಂದು ಸಲ ಒಂದೊಂದು ದನಿ. ಒಬ್ಬ ಬ್ಯಾಂಕಿನವನು ಅಂದ, ಇನ್ನೊಬ್ಬ ಪಾರ್ಸೆಲ್ ಬಂದಿದೆ ಅಂದ. ಎಲ್ಲರಿಗೂ ಅವಳ ಹೆಸರು ಗೊತ್ತು, ಹುಟ್ಟಿದ ದಿನ ಗೊತ್ತು, ಊರು ಗೊತ್ತು. ಕಡೆಗೆ ಒಂದು ದಿನ ವಾಟ್ಸಾಪಿಗೆ ಅವಳ ಆಧಾರ್ ಕಾರ್ಡಿನ ಫೋಟೋನೇ ಬಂತು. ಕೆಳಗೆ, ಕೂಡಲೇ ಈ ಲಿಂಕ್ ಒತ್ತದಿದ್ದರೆ ನಿಮ್ಮ ಖಾತೆ ಮುಚ್ಚಿಹೋಗುತ್ತದೆ, ಅಂತ ಬರೆದಿತ್ತು.

ಬಾಲರಾಜುವಿನ ತಾಳ್ಮೆ ಮುಗಿದೇ ಹೋಯಿತು.

"ನೀನು ಕೊಡ್ದೆ ಇದು ಅವನ ಕೈಗೆ ಹೆಂಗೆ ಬತ್ತದೆ?"

"ನಾನ್ಯಾಕ್ರೀ ಕೊಡ್ಲಿ? ಯಾರಿಗೆ ಕೊಡ್ಲಿ?"

"ಅದನ್ನೇ ನಾನೂ ಕೇಳ್ತಿರೋದು, ಯಾರಿಗೆ ಅಂತ!"

ಗಂಗಲಕ್ಷ್ಮಿ ಅಳಲಿಲ್ಲ. ಫೋನನ್ನು ತಂದು ಅವನ ಮುಂದೆ ಇಟ್ಟಳು. "ತಗಳ್ರೀ, ನೀವೇ ಇಟ್ಕಳಿ. ಎಲ್ಲಾ ನೋಡ್ಕಳಿ. ನಂಗೆ ಬ್ಯಾಡ." ಹಾಗಂದವಳು ಸಂಘಕ್ಕೆ ಹೋಗುವುದನ್ನೂ ಬಿಟ್ಟಳು. ಮಿಠಾಯಿಯ ಪಾಕ ಹದ ನೋಡುತ್ತಿದ್ದವಳು ಅವಳೇ. ಅವಳಿಲ್ಲದೆ ಎರಡು ತಟ್ಟೆ ಮಿಠಾಯಿ ಕಲ್ಲಾಗಿ ಹೋಯಿತಂತೆ. ಮನೆಯಲ್ಲಿ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಉಣ್ಣತೊಡಗಿದರು. ಫೋನ್ ರಿಂಗಾದರೆ ಸಾಕು, ಪುಟ್ಟಗಂಗಮ್ಮ ಸೊಸೆಯ ಮುಖ ನೋಡುತ್ತಿದ್ದರು, ಬಾಲರಾಜು ನೆಲ ನೋಡುತ್ತಿದ್ದ.

ಇದು ಹೀಗೇ ಇದ್ದಾಗ ಒಂದು ಬೆಳಗ್ಗೆ ಸಂಪಿಗೆ ಅನ್ನುವ ಊರಿನಿಂದ ಭೂತಮ್ಮ ಬಂದರು. ಇವರು ಹಾಲ್ಕುರಿಕೆಯವರಲ್ಲ, ತುರುವೇಕೆರೆ ಕಡೆಯ ಇನ್ನೊಂದು ಸಂಘದವರು. ದೆಹಲಿಗೆ ಹೋದ ನಾಲ್ವರಲ್ಲಿ ಹಿರಿಯರು. ಕೂದಲೆಲ್ಲ ನೆರೆತಿದೆ, ಮಾತು ಮಾತ್ರ ಜೋರು.

"ಯಾಕವ್ವ ಗಂಗೂ, ಫೋನ್ ಮಾಡಿದ್ರೆ ನಿನ್ನ ಗಂಡ ಎತ್ತಿ, ಯಾರು, ಯಾರು, ಅಂತ ಪೊಲೀಸಿನೋರ ಥರ ಕೇಳ್ತಾನೆ?"

ಪುಟ್ಟಗಂಗಮ್ಮನೇ ಹೇಳಿದರು. ದನಿ ತಗ್ಗಿಸಿ, ಬೇರೆಯವರ ಮನೆ ವಿಷಯ ಹೇಳುವ ಹಾಗೆ ಎಲ್ಲವನ್ನೂ ಹೇಳಿದರು. ಕಿಟಕಿ, ಹುಟ್ಟಿದಹಬ್ಬ, ಆಧಾರ್ ಫೋಟೋ.

ಭೂತಮ್ಮ ಎಲ್ಲಾ ಕೇಳಿ ತಮ್ಮ ಫೋನ್ ತೆಗೆದು ಜಗಲಿ ಮೇಲಿಟ್ಟರು.

"ನೋಡಕ್ಕ. ನಂಗೂ ಬತ್ತಾವೆ. ದಿನಾ ಬತ್ತಾವೆ. ನಾನು ನಡುವಿನ ಸೀಟಲ್ಲಿ ಕೂತಿದ್ದೆ ಅನ್ನೋದು, ಹುಟ್ಟಿದ ದಿನ ಯಾವುದು ಅನ್ನೋದು, ಎಲ್ಲಾ ಹೇಳ್ತಾನೆ. ನನ್ನ ಮೊಮ್ಮಗಳಿಗೆ ಮದುವೆ ವಯಸ್ಸು. ಈಗ ನನ್ನ ಮೇಲೂ ಅನುಮಾನ ಪಡ್ತೀಯಾ, ಹೇಳು?"

ಬಾಲರಾಜು ಬಾಗಿಲಲ್ಲಿ ನಿಂತಿದ್ದವನು ಒಳಗೆ ಬಂದು ಎರಡು ಫೋನನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಕೆಲವು ನಂಬರುಗಳು ಎರಡರಲ್ಲೂ ಇದ್ದವು. ಉಳಿದಿಬ್ಬರು ಹೆಂಗಸರಿಗೆ ಫೋನ್ ಮಾಡಿ ಕೇಳಿದರೆ ಅವರದ್ದೂ ಅದೇ ಗೋಳು.

"ನಾವು ನಾಲ್ಕು ಜನ ಒಟ್ಟಿಗೆ ಮಾಡಿದ್ದು ಆ ವಿಮಾನ ಹತ್ತಿದ್ದು ಒಂದೇ ಕಣಪ್ಪ," ಅಂದರು ಭೂತಮ್ಮ.

"ಹಂಗಾದ್ರೆ ಆ ಟ್ರಾವೆಲ್ಸಿನೋನೇ ಮಾರ್ಕಂಡಿರ್ಬೇಕು," ಅಂದ ಬಾಲರಾಜು. ಅವನ ಅನುಮಾನ ಹೆಂಡತಿಯ ಮೇಲಿಂದ ಎದ್ದು ಇನ್ನೊಬ್ಬನ ಮೇಲೆ ಹೋಗಿ ಕೂತಿತ್ತು. ಜಗಳಕ್ಕೆ ಹೊರಟೇಬಿಟ್ಟ. ಭೂತಮ್ಮ ತಡೆದರು. ಮೊದಲು ತಿಳಿದವರನ್ನು ಕೇಳೋಣ, ಅಂತ ಎಲ್ಲರನ್ನೂ ತಿಪಟೂರಿನ ವಕೀಲೆ ಕೃತಿಕಾ ಅವರ ಕಚೇರಿಗೆ ಕರೆದುಕೊಂಡು ಹೋದರು. ಪುಟ್ಟಗಂಗಮ್ಮನೂ ಬಸ್ ಹತ್ತಿದರು. ವಕೀಲರು ಅಂದರೆ ಅವರಿಗೆ ನಂಬಿಕೆಯಿರಲಿಲ್ಲ, ಅದಕ್ಕೇ.

ಕೃತಿಕಾ ವಿಮಾನ ಕಂಪನಿಯ ಹೆಸರು ಕೇಳಿದ ಕೂಡಲೇ ತಲೆಯಾಡಿಸಿದರು.

"ಪೇಪರಿನಲ್ಲೂ ಬಂದಿತ್ತು. ಅವರ ಕಂಪ್ಯೂಟರಿಗೆ ಕಳ್ಳರು ನುಗ್ಗಿ ಪ್ರಯಾಣಿಕರ ವಿವರ ಎಲ್ಲಾ ಕದ್ದಿದ್ದಾರೆ. ಹೆಸರು, ಫೋನ್ ನಂಬರ್, ಹುಟ್ಟಿದ ದಿನ, ಸೀಟು, ಗುರುತಿನ ಚೀಟಿ. ಕಂಪನಿಯೇ ಒಪ್ಪಿಕೊಂಡಿದೆ. ನಿಮಗೆ ಯಾರೂ ತಿಳಿಸಲಿಲ್ವಾ?"

"ಇಲ್ಲ ಕಣ್ರೀ."

ಟ್ರಾವೆಲ್ಸಿಗೆ ಫೋನ್ ಮಾಡಿ ಕೇಳಿದಾಗ ಗೊತ್ತಾಯಿತು. ಟಿಕೆಟ್ ಮಾಡುವಾಗ ಅವರು ತಮ್ಮ ಇ-ಮೇಲ್ ಕೊಟ್ಟಿದ್ದರು. ಕಂಪನಿಯ ತಿಳಿವಳಿಕೆ ಅಲ್ಲಿಗೆ ಬಂದು ಬಿದ್ದಿತ್ತು. ಜಾಹೀರಾತು ಅಂದುಕೊಂಡು ಯಾರೂ ತೆರೆದು ನೋಡಿರಲಿಲ್ಲ.

"ನಿಮ್ಮ ವಿವರ ಕಾಪಾಡೋದು ಕಂಪನಿಯ ಕೆಲಸ," ಅಂದರು ಕೃತಿಕಾ. "ದುಡ್ಡು ಕೊಟ್ಟು ಟಿಕೆಟ್ ತಗೊಂಡಿದ್ದೀರಿ. ಸೇವೆಯಲ್ಲಿ ಕೊರತೆ ಆಗಿದೆ ಅಂತ ಪರಿಹಾರ ಕೇಳಬಹುದು. ಮೊದಲು ಕಂಪನಿಗೇ ಬರೀರಿ. ನಮ್ಮದು ಏನೇನು ಹೊರಗೆ ಹೋಗಿದೆ, ಅದಕ್ಕೆ ಏನು ಮಾಡಿದ್ದೀರಿ, ನಮಗಾದ ತೊಂದರೆಗೆ ಏನು ಕೊಡ್ತೀರಿ ಅಂತ. ಅವರು ಸರಿಯಾಗಿ ಉತ್ತರ ಕೊಡದಿದ್ರೆ ತುಮಕೂರಿನಲ್ಲಿ ಗ್ರಾಹಕರ ಆಯೋಗ ಇದೆ."

ಪುಟ್ಟಗಂಗಮ್ಮ ಇಷ್ಟು ಹೊತ್ತೂ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದರು.

"ಅಲ್ಲ ಕಣವ್ವ, ವಿಮಾನ ಇಟ್ಟಿರೋ ಸಾವ್ಕಾರ ನಮ್ಮಂಥೋರಿಗೆ ಬಗ್ತಾನಾ? ನಿನ್ನ ಫೀಸು ಎಷ್ಟು, ಅದನ್ನ ಮೊದಲು ಹೇಳು."

"ನಾನೇ ಬೇಕು ಅಂತಿಲ್ಲ ಅಜ್ಜಿ. ನಿಮ್ಮ ಸೊಸೇನೇ ದೂರು ಬರೆದು ಕೊಡಬಹುದು, ಅವರೇ ನಿಂತು ಮಾತಾಡಬಹುದು. ಟಿಕೆಟ್ಟಿಗೆ ಕೊಟ್ಟ ಹಣ ಐದು ಲಕ್ಷದ ಒಳಗಿದ್ರೆ ಆಯೋಗಕ್ಕೆ ಶುಲ್ಕಾನೂ ಇಲ್ಲ. ಗೆದ್ದೇ ಗೆಲ್ತೀರಿ ಅಂತ ಮಾತ್ರ ನಾನು ಹೇಳಲ್ಲ."

ಗೆಲ್ಲುತ್ತೀರಿ ಅಂತ ಹೇಳದ ವಕೀಲೆಯನ್ನು ಪುಟ್ಟಗಂಗಮ್ಮ ಅದೇ ಮೊದಲು ನೋಡಿದ್ದು. ಆ ಒಂದು ಮಾತಿಗೆ ಅವರು ಅರ್ಧ ನಂಬಿದರು.

ಬಂದ ಕರೆಗಳ ಪಟ್ಟಿ, ಆ ಆಧಾರ್ ಫೋಟೋ ಬಂದ ಮೆಸೇಜು, ಟಿಕೆಟ್, ಯಾವುದನ್ನೂ ಅಳಿಸಬೇಡಿ ಅಂದರು ಕೃತಿಕಾ. ಪೊಲೀಸ್ ಠಾಣೆಗೂ ಒಂದು ದೂರು ಕೊಡಿಸಿದರು. ಹೊರಡುವಾಗ ಬಾಲರಾಜುವಿಗೆ ಒಂದು ಮಾತು ಹೇಳಿದರು: "ಇನ್ಮೇಲೆ ಪರಿಹಾರ ಕೊಡ್ತೀವಿ ಅಂತಾನೇ ಕಳ್ಳರು ಫೋನ್ ಮಾಡಬಹುದು. ಹುಷಾರು."

ಬಾಲರಾಜು ಆಯ್ತು ಅಂದ. ಆದರೆ ಅವನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಹೆಂಡತಿಯ ಮುಂದೆ ತಪ್ಪಾಯಿತು ಅನ್ನೋಕೆ ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ಏನಾದರೂ ಮಾಡಿ ಸರಿ ಮಾಡಬೇಕು ಅನ್ನುವ ಅವಸರ.

ಕಂಪನಿಗೆ ಪತ್ರ ಹೋದ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. ಹೆಣ್ಣು ದನಿ, ತುಂಬಾ ಮರ್ಯಾದೆಯ ಮಾತು.

"ವಿಮಾನ ಕಂಪನಿಯಿಂದ ಸರ್. ನಿಮ್ಮ ಶ್ರೀಮತಿಯವರ ಮಾಹಿತಿ ಸೋರಿಕೆ ಆಗಿದ್ದಕ್ಕೆ ಕ್ಷಮೆ ಇರಲಿ. ಪರಿಹಾರ ಮಂಜೂರಾಗಿದೆ. ಈಗ ಫೋನಿಗೆ ಒಂದು ಓಟಿಪಿ ಬಂದಿದೆ, ಹೇಳಿಬಿಡಿ, ಖಾತೆಗೆ ಹಾಕ್ತೀವಿ."

ಬಾಲರಾಜುವಿನ ಮುಖ ಅರಳಿತು. "ಗಂಗೂ, ಬಂತು ಕಣೇ!" ಅಂತ ಕೂಗಿ ಫೋನ್ ನೋಡಿದ. ನಿಜವಾಗಿಯೂ ಓಟಿಪಿ ಬಂದಿತ್ತು. ಮೊದಲ ಎರಡು ಅಂಕಿ ಹೇಳಿಯೂ ಬಿಟ್ಟ.

ಅಷ್ಟರಲ್ಲಿ ಕಾಯಿ ಸುಲಿಯುತ್ತಿದ್ದ ಪುಟ್ಟಗಂಗಮ್ಮ ಎದ್ದು ಬಂದು ಫೋನ್ ಕಿತ್ತುಕೊಂಡರು.

"ಏನವ್ವ, ದುಡ್ಡು ಕೊಡೋಳು ನೀನು. ಕೊಡೋಕೆ ನಮ್ಮ ಮನೆ ಬೀಗದ ಕೈ ಯಾಕೆ ಬೇಕು ನಿಂಗೆ?"

"ಅಮ್ಮಾ, ಗಂಗಲಕ್ಷ್ಮಿ ಅವರ ಹೆಸರಲ್ಲೇ..."

"ಹೆಸರು ಗೊತ್ತಿರೋದು ದೊಡ್ಡ ವಿಷ್ಯ ಅಲ್ಲ ಈಗ. ನಮ್ಮ ಸೊಸೆ ಹೆಸರು ಊರಿನ ಕಳ್ಳರಿಗೆಲ್ಲ ಗೊತ್ತು. ಕೊಡೋದಿದ್ರೆ ಬರವಣಿಗೇಲಿ ಕೊಡು. ಇಡು ಫೋನು!"

ಬಾಲರಾಜು ಕಂಬಕ್ಕೆ ಒರಗಿ ಕೂತುಬಿಟ್ಟ. ಆ ಓಟಿಪಿ ಅವನ ಹೆಂಡತಿಯ ಬ್ಯಾಂಕ್ ಖಾತೆಯದು. ಸಂಘದ ಮಿಠಾಯಿ ಹಣವೂ ಅದರಲ್ಲೇ ಇತ್ತು.

"ಅನುಮಾನ ಪಡೋದೇನೋ ನಂಗೆ ಚೆನ್ನಾಗಿ ಬತ್ತದೆ," ಅಂದರು ಪುಟ್ಟಗಂಗಮ್ಮ, ಸೊಸೆಯ ಕಡೆ ನೋಡದೆ. "ಯಾರ ಮೇಲೆ ಪಡಬೇಕು ಅನ್ನೋದೇ ಗೊತ್ತಾಗಿರಲಿಲ್ಲ ಕಣೇ ಗಂಗೂ."

ಗಂಗಲಕ್ಷ್ಮಿ ಹೋಗಿ ಅತ್ತೆಯ ಪಕ್ಕ ಕೂತು ಕಾಯಿ ಸುಲಿಯತೊಡಗಿದಳು.

ಕಂಪನಿಯಿಂದ ಬಂದ ಉತ್ತರದಲ್ಲಿ ವಿಷಾದ ಇತ್ತು, ಪರಿಹಾರದ ಮಾತಿರಲಿಲ್ಲ. ನಾಲ್ವರೂ ತುಮಕೂರಿನ ಆಯೋಗಕ್ಕೆ ದೂರು ಕೊಟ್ಟರು. ವಿಚಾರಣೆಯ ದಿನ ತಿಪಟೂರಿನಲ್ಲಿ ರೈಲು ಹತ್ತಿದರು, ಭೂತಮ್ಮ ಬಾಣಸಂದ್ರದಲ್ಲಿ ಹತ್ತಿಕೊಂಡರು. ಒಂದೇ ಸಲಕ್ಕೆ ಮುಗಿಯಲಿಲ್ಲ. ಹೋದರು, ಬಂದರು, ಮತ್ತೆ ಹೋದರು.

ಕಂಪನಿಯ ವಕೀಲರು ಅಂದರು: "ಇವರೇ ಎಲ್ಲೋ ಯಾರಿಗೋ ವಿವರ ಕೊಟ್ಟಿರಬಹುದು. ಅಲ್ಲದೆ ಇವರ ಹಣ ಒಂದು ರೂಪಾಯಿಯೂ ಹೋಗಿಲ್ಲ."

ಆಯೋಗದ ಅಧ್ಯಕ್ಷರು ಗಂಗಲಕ್ಷ್ಮಿಯ ಕಡೆ ತಿರುಗಿದರು. "ಹಣ ಹೋಗಿಲ್ಲ. ಹಾಗಾದರೆ ನಿಮಗಾದ ನಷ್ಟ ಏನಮ್ಮ?"

ಗಂಗಲಕ್ಷ್ಮಿ ಬಾಯಿ ತೆರೆದಳು. ಮನೆಯೊಳಗಿನ ಮಾತನ್ನು ಇಷ್ಟು ಜನರ ಮುಂದೆ ಹೇಗೆ ಹೇಳುವುದು?

ಹಿಂದಿನ ಬೆಂಚಿನಲ್ಲಿ ಕೂತಿದ್ದ ಬಾಲರಾಜು ಎದ್ದು ನಿಂತ.

"ಸ್ವಾಮಿ, ನಾನು ಹೇಳ್ತೀನಿ. ನಾನು ಇವಳ ಗಂಡ. ಗೊತ್ತಿಲ್ಲದ ಗಂಡಸರು ಫೋನ್ ಮಾಡಿ ಇವಳ ಹುಟ್ಟಿದ ದಿನ ಹೇಳ್ತಿದ್ರು. ಇವಳ ಆಧಾರ್ ಕಾರ್ಡಿನ ಫೋಟೋನೇ ಕಳಿಸಿದ್ರು. ನಾನು ಇವಳನ್ನ ನಂಬಲಿಲ್ಲ. ಇವಳ ಫೋನ್ ನನ್ನ ಹತ್ರಾನೇ ಇಟ್ಕೊಂಡು ಕೂತೆ. ಇವಳು ಕೆಲಸ ಬುಟ್ಟು ಮನೇಲಿ ಕೂತ್ಲು. ತಪ್ಪು ನಂದೂ ಇದೆ. ಆದ್ರೆ ಅವರು ಬೀಗ ಸರಿಯಾಗಿ ಹಾಕಿದ್ರೆ ನಮ್ಮ ಮನೇಲಿ ಇದು ಆಗ್ತಾನೇ ಇರಲಿಲ್ಲ. ಇದಕ್ಕೆ ಎಷ್ಟು ಬೆಲೆ ಅಂತ ನಂಗೊತ್ತಿಲ್ಲ ಸ್ವಾಮಿ."

ಗಂಗಲಕ್ಷ್ಮಿ ತಿರುಗಿ ಗಂಡನನ್ನು ನೋಡಿದಳು. ಮನೆಯಲ್ಲಿ ಹೇಳಲಾಗದ್ದನ್ನು ಅವನು ಅಷ್ಟು ಜನರ ಎದುರು ಹೇಳಿದ್ದ.

ಆಯೋಗದ ಆದೇಶ ನಾಲ್ವರ ಪರವಾಗಿ ಬಂತು. ಹೆಸರು ಸರಿ ಮಾಡಿಸೋಕೆ ಕಳಿಸಿದ್ದ ಆಧಾರ್ ಫೋಟೋನೇ ಕಳ್ಳರ ಕೈಯಲ್ಲಿದ್ದದ್ದು ಮತ್ತು ನಾಲ್ವರಿಗೂ ಒಂದೇ ಥರ ಕರೆ ಬಂದದ್ದು ಲೆಕ್ಕಕ್ಕೆ ಬಂದವು. ಮನಸ್ಸಿಗಾದ ನೋವಿಗೆ ಪರಿಹಾರ ಕೊಡಬೇಕು, ಓಡಾಟದ ಖರ್ಚು ಕೊಡಬೇಕು, ಯಾವ ಯಾವ ವಿವರ ಹೊರಗೆ ಹೋಗಿದೆ ಎಂದು ಬರೆದು ತಿಳಿಸಬೇಕು ಎಂದು ಕಂಪನಿಗೆ ಹೇಳಿತು. ಹಣ ಖಾತೆಗೆ ಬಂದಾಗ ಪುಟ್ಟಗಂಗಮ್ಮ ನಂಬಲಿಲ್ಲ. ಬ್ಯಾಂಕಿಗೆ ತಾವೇ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಕನ್ನಡಕದೊಳಗಿಂದ ನೋಡಿ, ಆಮೇಲೆ ಬಂದು ಸೊಸೆಗೆ ಹೇಳಿದರು: "ಬಂದದೆ ಕಣೇ. ನಿಜವಾಗ್ಲೂ ಬಂದದೆ. ಎದ್ದು ಸಂಘಕ್ಕೆ ಹೋಗು, ಅಲ್ಲಿ ಪಾಕ ಕಾಯ್ತಾ ಇದೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ವಿಮಾನ ಹತ್ತಿರಬಹುದು. ಕಾಶಿಗೋ, ಕೆಲಸಕ್ಕೋ, ಮಗಳ ಬಾಣಂತನಕ್ಕೋ. ಗೊತ್ತಿಲ್ಲದವರು ನಿಮ್ಮ ವಿವರವನ್ನೆಲ್ಲ ಒಪ್ಪಿಸಿದರೆ ಮನೆಯವರ ಮೇಲೆ ಸಂಶಯಪಡುವ ಮೊದಲು ಆ ವಿವರ ಯಾರ ಕೈಯಲ್ಲಿತ್ತು ಅಂತ ಯೋಚಿಸಿ. ಟಿಕೆಟ್ ಮಾಡಿಸುವಾಗ ನಿಮ್ಮದೇ ಫೋನ್ ನಂಬರ್, ನಿಮ್ಮದೇ ಇ-ಮೇಲ್ ಕೊಡಿ. ಬಂದ ಮೆಸೇಜು ಅಳಿಸಬೇಡಿ. ಹಣ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಕಂಪನಿಯ ತಪ್ಪಿದ್ದರೆ ಬರವಣಿಗೆಯಲ್ಲಿ ಪರಿಹಾರ ಕೇಳಿ. ಕೊಡದಿದ್ದರೆ ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅದರ ಬಗ್ಗೆ ತಿಳಿಯಲು ಗ್ರಾಹಕ ಸಹಾಯವಾಣಿ 1915 ಇದೆ. ಪರಿಹಾರ ಕೊಡುತ್ತೇವೆ, ಓಟಿಪಿ ಹೇಳಿ ಅಂದವರಿಗೆ ಮಾತ್ರ ಏನೂ ಹೇಳಬೇಡಿ. ಫೋನ್ ಇಟ್ಟುಬಿಡಿ.

ಇವತ್ತು ಇದನ್ನು ಓದಿ ಮುಗಿಸಿದ ಮೇಲೆ ಮನೆಯಲ್ಲಿ ಎಲ್ಲರೂ ಕೂತಾಗ ಒಮ್ಮೆ ಮಾತಾಡಿ: ಅಂಥ ಫೋನ್ ನಿಮ್ಮಲ್ಲಿ ಯಾರಿಗಾದರೂ ಬಂದಿದೆಯಾ? ಬಂದಿದ್ದರೂ ಹೆದರಿಕೊಂಡು ಹೇಳದೆ ಕೂತಿದ್ದಾರಾ?