ತಡೆದು ಬರುವ ಎಡಗಾಲು

“ಕಪ್ಪಿಹಂಗ ಒದಿ ಅಂದ್ರ ಕುಂಟಗಪ್ಪಿಹಂಗ ಒದೀತಾಳ ನೋಡ್ರಿ ಅಕ್ಕಾರ,” ಎಂದು ಫಿಜಾ ನಕ್ಕಳು. ಗದಗಿನ ಈಜುಕೊಳದಲ್ಲಿ ಹುಡುಗಿಯರಿಗೆ ಈಜು ಕಲಿಸುವವಳು ಅವಳು. ಭುವನೇಶ್ವರಿಗೆ ನಗು ಬರಲಿಲ್ಲ.

ನೀರಿನಲ್ಲಿ ಅವಳ ಹನ್ನೆರಡು ವರ್ಷದ ಮಗಳು ಶೃತಿ ಕಪ್ಪೆಯಂತೆ ಕೈಕಾಲು ಆಡಿಸುವ ಬ್ರೆಸ್ಟ್‌ಸ್ಟ್ರೋಕ್ ಹೊಡೆಯುತ್ತಿದ್ದಳು. ಬಲಗಾಲು ಚೆಂದಾಗಿ ಮಡಚಿ, ಪಾದ ಹೊರಳಿಸಿ ನೀರನ್ನು ಹಿಂದಕ್ಕೆ ತಳ್ಳುತ್ತಿತ್ತು. ಎಡಗಾಲು ಅರೆಗಳಿಗೆ ತಡೆದು, ಎಳೆದುಕೊಂಡು ಬರುತ್ತಿತ್ತು. ಎರಡೂ ಕಾಲು ಕೂಡಿ ಬರಲಿಲ್ಲವೆಂದೇ ಹೋದ ತಿಂಗಳು ತೀರ್ಪುಗಾರರು ಕೈ ಎತ್ತಿ ಅವಳನ್ನು ಸ್ಪರ್ಧೆಯಿಂದ ಹೊರಗಿಟ್ಟಿದ್ದರು. ಭಾನುವಾರ ಜಿಲ್ಲಾ ತಂಡದ ಆಯ್ಕೆ. ಮತ್ತೆ ತಪ್ಪಿದರೆ ಈ ವರ್ಷ ಮುಗಿದಂತೆ.

“ಇನ್ನೊಂದೈತ್ರಿ. ಒದ್ದ ಮ್ಯಾಲೆ ಕೈ ಚಾಚಿ, ಒಂದು, ಎರಡು ಅನ್ನೂತನ ಸುಮ್ನ ಜಾರಬೇಕು. ಈಕಿ ಗಡಬಡಿಸಿ ಮತ್ತ ಕೈ ಎಳೀತಾಳ. ಸುಮ್ನಿರಾಕ ಅಂಜತಾಳ್ರಿ ನಿಮ್ಮ ಮಗಳು.”

ಆ ಎಡಗಾಲನ್ನು ಭುವನೇಶ್ವರಿ ಬಲ್ಲಳು. ಅದು ಅವಳ ಅತ್ತೆ ರತ್ನವ್ವನದು.

ಲಕ್ವಾ ಹೊಡೆದು ಎಡಗಾಲು ಎಳೆಯತೊಡಗಿದ ಮೇಲೂ ರತ್ನವ್ವ ಬೆಟಗೇರಿಯ ಮನೆಯ ನೆಲದ ತಗ್ಗಿನಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗಕ್ಕೆ ಇಳಿಯುವುದನ್ನು ಬಿಟ್ಟಿರಲಿಲ್ಲ. ಪುಟ್ಟ ಶೃತಿ ಅಜ್ಜಿಯ ತೊಡೆಯೇರಿ, ಅವಳ ಪಾದಗಳ ಮೇಲೆ ತನ್ನ ಪಾದ ಇಟ್ಟು ಕೂಡುತ್ತಿದ್ದಳು. ಕುಣಿಯಲ್ಲಿ ತುಳಿಯುವ ಹಲಗೆಗಳು ಎರಡು. ಬಲಗಾಲಿಗೆ ಠಕ್, ಸ್ವಲ್ಪ ತಡೆದು ಎಡಗಾಲಿಗೆ ಠಕ್. ಆ ಕುಂಟು ಸದ್ದು ಓಣಿಗೆಲ್ಲ ಗೊತ್ತಿತ್ತು.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಸದ್ದು ನಿಂತಿತು. ಪಡಸಾಲೆಯಲ್ಲಿ ಅಡ್ಡಾಗಿದ್ದ ಭುವನೇಶ್ವರಿಗೆ “ಭುವನೀ” ಎಂದು ಅತ್ತೆ ಕರೆದದ್ದು ಕೇಳಿಸಿತು. ಬೆಳಗಿನಿಂದ ಅದೆಷ್ಟನೆಯ ಕರೆಯೋ. ಅವಳು ಏಳಲಿಲ್ಲ. ಸದ್ಯ, ಸುಮ್ಮನಾದಳಲ್ಲ ಎಂದು ಮಗ್ಗುಲು ಬದಲಿಸಿದಳು. ಒಂದು ನಿದ್ದೆ ಮುಗಿಸಿ ಹೋದಾಗ ಅತ್ತೆ ಮಗ್ಗದ ಮೇಲೆ ಬಾಗಿ ತಣ್ಣಗಾಗಿದ್ದಳು. ತೊಡೆಯ ಮೇಲೆ ಶೃತಿ ಅಲುಗದೆ ಕುಳಿತಿದ್ದಳು. “ಅಜ್ಜಿ ಸುಮ್ನ ಆಗ್ಯಾಳ,” ಎಂದಿದ್ದಳು.

ಆ ಕರೆಯ ವಿಷಯ ಭುವನೇಶ್ವರಿ ಯಾರಿಗೂ ಹೇಳಲಿಲ್ಲ. ಅರ್ಧ ನೇಯ್ದ ಸೀರೆಯನ್ನು ಯಾರೂ ಮುಟ್ಟಲಿಲ್ಲ. ಕೆಲವು ಮಧ್ಯಾಹ್ನ ಕಣ್ಣು ಮುಚ್ಚಿದರೆ ಒಳಗಿನ ಮಗ್ಗದಿಂದ ಠಕ್... ಠಕ್.

ಈಜುಕೊಳದಿಂದ ಬಂದ ಸಂಜೆ ಮಗಳ ತಲೆ ಒರೆಸುತ್ತ ಕೇಳಿದಳು: “ಎಡಗಾಲಿಗೆ ಏನಾಗತೈತಿ ಲೇ?”

“ನೀರಾಗ ಅದು ನಂದಲ್ಲಬೇ ಯವ್ವಾ. ಅಜ್ಜಿ ಕಾಲಿನ ಮ್ಯಾಲೆ ಇಟ್ಟಂಗ ಆಗತೈತಿ. ಅಕಿ ಎತ್ತೂತನ ಕಾಯತೈತಿ.”

ಭುವನೇಶ್ವರಿ ಬಗ್ಗಿ ಆ ಎಡಪಾದವನ್ನು ಒರೆಸಿದಳು.

ಮರುದಿನ ಅವಳು ಆರು ವರ್ಷದಲ್ಲಿ ಮೊದಲ ಸಲ ಕುಣಿಗೆ ಇಳಿದಳು. ಎರಡೂ ಹಲಗೆಗಳು ಒಂದೇ ಸಲ ಇಳಿಯುವಂತೆ ಜೋಡಿಸಿ ಹಗ್ಗದಿಂದ ಬಿಗಿದು ಮಗಳನ್ನು ಕೂಡಿಸಿದಳು.

“ಹಿಮ್ಮಡ ಕೂಡಿಸು. ಬೆರಳು ಹೊರಗ ತಿರುವು. ಹಾಂ, ತುಳಿ.”

ಲಾಳಿ ಹಾಯಲು ಎಳೆಗಳು ಬಾಯಿ ಬಿಡಲಿಲ್ಲ. “ಹಿಂಗ ತುಳದ್ರ ಲಾಳಿ ಹೋಗೂದಿಲ್ಲಲ್ಲಬೇ?”

“ಲಾಳಿ ಹೋಗೂದು ಬ್ಯಾಡ, ನೀ ಹೋಗು. ತುಳದ ಮ್ಯಾಲೆ ಅಲಗಬ್ಯಾಡ. ಒಂದು... ಎರಡು...”

ಮೊದಲ ದಿನ ಶೃತಿ ಎರಡರವರೆಗೂ ತಡೆಯಲಿಲ್ಲ. ಹಿಂದೆ ತಿರುಗಿ ನೋಡುತ್ತಿದ್ದಳು. “ನಾ ಇಲ್ಲೇ ಅದೀನಿ,” ಎಂದು ಭುವನೇಶ್ವರಿ ಅವಳ ಬೆನ್ನಿಗೆ ಅಂಗೈ ಇಟ್ಟಳು. ಶುಕ್ರವಾರದ ಹೊತ್ತಿಗೆ ಹುಡುಗಿ ತಿರುಗುವುದನ್ನು ಬಿಟ್ಟಳು.

ಭಾನುವಾರ ಶೃತಿ ಕೈ ಎಳೆದಳು, ಉಸಿರು ತೆಗೆದುಕೊಂಡಳು, ಎರಡೂ ಕಾಲು ಕೂಡಿಸಿ ಒದ್ದಳು. ಆಮೇಲೆ ನೀರಿನೊಳಗೆ ಉದ್ದಕ್ಕೆ ಚಾಚಿ ಸುಮ್ಮನಾದಳು. ಒಂದು. ಎರಡು. ಭುವನೇಶ್ವರಿ ತನಗರಿವಿಲ್ಲದೆ ಎದ್ದು ನಿಂತಿದ್ದಳು. ತಲೆ ಮೇಲೆ ಬಂತು. ತೀರ್ಪುಗಾರರ ಕೈ ಕಡೆಯವರೆಗೂ ಮೇಲೇಳಲಿಲ್ಲ. ಎರಡನೆಯ ಸ್ಥಾನ, ತಂಡದಲ್ಲಿ ಹೆಸರು.

“ಕುಂಟಗಪ್ಪಿ ಓಡಿಹೋತ್ರಿ ಅಕ್ಕಾರ!” ಎಂದು ಫಿಜಾ ಕೂಗಿದಳು.

ಮಧ್ಯಾಹ್ನ ಊಟವಾಗಿ ಶೃತಿ ಮಲಗಿದಳು. ಅವಳ ಪಕ್ಕದಲ್ಲಿ ಭುವನೇಶ್ವರಿ ಅಡ್ಡಾದಳು. ಒಳಗಿನಿಂದ ಸದ್ದು ಬಂತು. ಠಕ್. ಒಂದೇ. ಎಡಗಾಲಿನ ಸದ್ದಿಗಾಗಿ ಅವಳು ಕಾದಳು, ಬರಲಿಲ್ಲ. ಒಂದು, ಎರಡು ಎಂದು ಎಣಿಸಿದಳು. ಮೂರಾಯಿತು. ನಾಲ್ಕಾಯಿತು.

ಈ ಸಲ ಮಗ್ಗುಲು ಬದಲಿಸದೆ ಎದ್ದು ಹೋದಳು.

ಕುಣಿಯಲ್ಲಿ ಯಾರೂ ಇರಲಿಲ್ಲ. ಹಗ್ಗದ ಗಂಟು ಕಟ್ಟಿದಂತೆಯೇ ಇತ್ತು. ಅಂಚಿನಲ್ಲಿ ಕುಳಿತು ಮೆಲ್ಲಗೆ ಕಾಲು ಇಳಿಬಿಟ್ಟಳು. ಹಲಗೆ ಬೆಚ್ಚಗಿತ್ತು, ಈಗ ತಾನೆ ಯಾರೋ ಪಾದ ತೆಗೆದ ಹಾಗೆ.

“ಬಂದ್ನಿರೀ ಅತ್ತಿ,” ಎಂದಳು.