ಒಪ್ಪಿಗೆ

"ನಿನಗೆ ಒಪ್ಪಿಗೆ ಇದೆಯೋ ಇಲ್ಲವೋ?" ನ್ಯಾಯಾಧೀಶೆ ತೆಲುಗಿನಲ್ಲಿ ಎರಡನೆಯ ಸಲ ಕೇಳಿದರು.

ಕಟಕಟೆಯಲ್ಲಿ ನಿಂತಿದ್ದ ಮಹೇಶಕುಮಾರ ತಲೆಯೆತ್ತದೆ "ಇಲ್ಲ" ಎಂದ. ಫ್ಯಾನಿನ ಸದ್ದಿನಲ್ಲಿ ಆ ಮಾತು ಕೊನೆಯ ಬೆಂಚಿನವರೆಗೆ ಬರಲಿಲ್ಲ. ವಿಶಾಲಾಕ್ಷಿ ಗಂಡ ನರಹರಿಯ ಮುಖ ನೋಡಿ, "ಏನಂದ?" ಎಂದು ಪಿಸುಗುಟ್ಟಿದಳು. ಮುಂದೆ ಕೂತಿದ್ದ ಟೈಪಿಸ್ಟು ಕೀಲಿಗಳನ್ನು ಒಂದೆರಡು ಸಲ ಒತ್ತಿ ಕೈ ತೆಗೆದ. ಅಷ್ಟು ಚಿಕ್ಕ ಉತ್ತರ ಅದು. ಅವಳಿಗೆ ಗೊತ್ತಾಯಿತು.

ಒಂದು ವರ್ಷ ನಾಲ್ಕು ತಿಂಗಳ ಹಿಂದೆ ಅವರ ಮಗಳು ಮಧುರಾ ಗಚ್ಚಿಬೌಲಿಯ ಆಫೀಸಿನಿಂದ ಸಂಜೆ ಹೊರಟವಳು ಮನೆ ಸೇರಲಿಲ್ಲ. ಅದೇ ಆಫೀಸಿನ ಮಹೇಶಕುಮಾರನ ಬೈಕಿನ ಮೇಲೆ ಕೂತು ಹೋದದ್ದು ಗೇಟಿನ ಕ್ಯಾಮೆರಾದಲ್ಲಿತ್ತು. ಅವಳ ಬ್ಯಾಗು ಅವನ ರೂಮಿನ ಅಟ್ಟದ ಮೇಲೆ ಸಿಕ್ಕಿತು. ಬೇರೇನೂ ಸಿಗಲಿಲ್ಲ. ದಾರಿಯಲ್ಲಿ ಜಗಳವಾಯಿತು, ಸಿಟ್ಟಿನಿಂದ ಇಳಿದುಹೋದಳು, ಬ್ಯಾಗು ನನ್ನ ಹತ್ತಿರವೇ ಉಳಿಯಿತು, ಹೆದರಿ ಬಚ್ಚಿಟ್ಟೆ ಎಂದಷ್ಟೇ ಅವನು ಹೇಳುತ್ತ ಬಂದಿದ್ದ. ಪೊಲೀಸರು ಎರಡು ಕಡೆ ಅಗೆಸಿದರು, ಒಂದು ಕಲ್ಲುಕ್ವಾರಿಯ ನೀರಿನಲ್ಲಿ ಮುಳುಗುಗಾರರನ್ನು ಇಳಿಸಿದರು. ಕೊನೆಗೆ ಅವನಿಗೆ ಮಂಪರು ಪರೀಕ್ಷೆ ಮಾಡಿಸಲು ಅರ್ಜಿ ಹಾಕಿದ್ದರು.

ಈ ದಿನಗಳಲ್ಲಿ ವಿಶಾಲಾಕ್ಷಿಗೆ ಮಾತೇ ಕಷ್ಟವಾಗಿತ್ತು. ಗುರುತಿಲ್ಲದವರು ಮಕ್ಕಳೆಷ್ಟು ಎಂದು ಕೇಳಿದರೆ "ಒಬ್ಬಾಕಿ" ಎನ್ನುವಳು. ಅದರ ಮುಂದೆ 'ಅದಾಳ' ಎನ್ನಲೋ 'ಇದ್ಳು' ಎನ್ನಲೋ ತಿಳಿಯದೆ ಸುಮ್ಮನಾಗುವಳು. ಊರಿನ ಹಿರಿಯರು ಫೋನು ಮಾಡಿ, ಇನ್ನು ಕರ್ಮ ಮುಗಿಸಿಬಿಡಿ ಎಂದಾಗ, "ಯಾವ ದಿನಾ ಅಂತ ಮಾಡ್ಲಿ?" ಎಂದು ಕೇಳಿದ್ದಳು.

ಹೊರಗೆ ವರಾಂಡದಲ್ಲಿ ಸರಕಾರಿ ವಕೀಲೆ ಶ್ರೀಲಕ್ಷ್ಮಿ ಅವರಿಗಾಗಿ ನಿಂತಿದ್ದಳು. ರಾಯಚೂರಿನ ಕಡೆಯವಳು, ಇವರ ಊರೂ ಅತ್ತಲೇ ಎಂದು ತಿಳಿದ ಮೇಲೆ ಕನ್ನಡದಲ್ಲೇ ಮಾತಾಡುತ್ತಿದ್ದಳು.

"ಕಾನೂನು ಹಂಗೈತ್ರಿ ಅಮ್ಮಾ. ಸೂಜಿ ಚುಚ್ಚಿ ಮಂಪರು ಬರಿಸಿ ಮಾತಾಡಿಸಬೇಕಂದ್ರ ಅವನ ಒಪ್ಪಿಗಿ ಬೇಕ. ಎರಡು ಸಾವಿರದ ಹತ್ತರಾಗ ಸುಪ್ರೀಂ ಕೋರ್ಟು ಹೇಳೈತಿ. ಅದೂ ನಮ್ಮ ಕರ್ನಾಟಕದ್ದ ಕೇಸು. ಯಾರ ಮನಸ್ಸಿನ ಒಳಗೂ ಸರಕಾರ ಜುಲುಮಿ ಮಾಡಿ ಕೈ ಹಾಕಂಗಿಲ್ಲ."

"ನನ್ನ ಮಗಳು ಅವನ ಮನಸ್ಸಿನೊಳಗ ಅದಾಳಲ್ರಿ," ಎಂದಳು ವಿಶಾಲಾಕ್ಷಿ. "ಮತ್ತೆಲ್ಲೂ ಸಿಗವಲ್ಲಳು."

ಶ್ರೀಲಕ್ಷ್ಮಿ ಕೈಯಲ್ಲಿದ್ದ ಫೈಲನ್ನು ಎದೆಗೆ ಒತ್ತಿಕೊಂಡಳು. "ಕೇಸು ಇನ್ನೂ ಐತ್ರಿ. ಸಾಕ್ಷಿ ಅದಾವು. ನಾ ಬಿಡೂದಿಲ್ಲ," ಎಂದಳು. ಒಳಗಿನಿಂದ ಯಾರೋ ಕೂಗಿದರು. ಅವಳು ಹೋದಳು.

ಅವಳು ಹೋದ ಮೇಲೆ ಠಾಣೆಯ ಎಸ್‌ಐ ಹತ್ತಿರ ಬಂದ. ಮೂವತ್ತು ದಾಟದ ಹುಡುಗ. ಕ್ವಾರಿಯ ದಂಡೆಯಲ್ಲಿ ಮೂರು ದಿನ ಇವರ ಜೊತೆ ಬಿಸಿಲಲ್ಲಿ ನಿಂತಿದ್ದವನು. ಒಂದು ಹಾಳೆ ಮುಂದೆ ಮಾಡಿ, "ಏಕ್ ದಸ್ತಖತ್, ಸಾಬ್. ಬಸ್," ಎಂದು ಸಹಿಗೆ ಬಿಟ್ಟ ಜಾಗ ತೋರಿಸಿದ. ಮಧುರಾಳ ಚಿನ್ನದ ಸರವನ್ನು ಮಹೇಶಕುಮಾರ ಕದ್ದಿದ್ದಾನೆಂದು ನರಹರಿಯ ಹೆಸರಿನಲ್ಲಿ ಬರೆದ ದೂರು ಅದು. ಹೊಸ ಕೇಸಿನ ನೆಪದಲ್ಲಿ ಅವನನ್ನು ಜೈಲಿನಿಂದ ಎರಡು ದಿನ ಠಾಣೆಗೆ ತರಬಹುದು. ಆಮೇಲೆ ಒಪ್ಪಿಗೆ ಕೇಳುವ ಪ್ರಶ್ನೆಯೇ ಇಲ್ಲ, ತಾನು ಕೇಳುವ ಹಾಗೆ ಕೇಳುತ್ತೇನೆ ಎಂದ. ಸರ ಇವರ ಮನೆಯ ಬೀರುವಿನಲ್ಲೇ ಇತ್ತು. ಅದು ಮೂವರಿಗೂ ಗೊತ್ತಿತ್ತು.

ಗಂಡ ಹೆಂಡತಿ ಕೋರ್ಟಿನ ಆವರಣದ ಜೆರಾಕ್ಸ್ ಅಂಗಡಿಯ ಪಕ್ಕ, ಬೇವಿನ ಮರದ ಕಟ್ಟೆಯ ಮೇಲೆ ಕೂತರು.

"ಸಹಿ ಮಾಡ್ರಿ," ಎಂದಳು ವಿಶಾಲಾಕ್ಷಿ.

"ಸುಳ್ಳೈತಿ ಇದು."

"ಆಕಿ ಇಲ್ಲದ್ದು ಖರೇ ಐತಲ್ಲ?"

ನರಹರಿ ಪೆನ್ನಿನ ಮುಚ್ಚಳ ತೆಗೆದ. ಮೂವತ್ತನಾಲ್ಕು ವರ್ಷ ಬಾಲಾನಗರದ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ನೋಡಿ, ಸರಿ ಇದ್ದರೆ ಮಾತ್ರ ಸಹಿ ಹಾಕಿದವನು. ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಮೊದಲ ಸಾಲಿನಿಂದ ಓದಿದ.

"ಶಿವಾನಂದನ ಕೈ ನಡಗತಿತ್ತಲ್ಲ," ಎಂದ, "ಯಾಕಂತ ಗೊತ್ತೇನು ನಿನಗ?"

ಶಿವಾನಂದ ಅವನ ತಮ್ಮ. ತೀರಿಹೋಗಿ ಆರು ವರ್ಷವಾಗಿತ್ತು. ಊರಿನಿಂದ ಬಂದಾಗಲೆಲ್ಲ ವಿಶಾಲಾಕ್ಷಿ ಮೈದುನನ ಚಹಾವನ್ನು ಚೆಲ್ಲದಿರಲೆಂದು ಅರ್ಧ ಕಪ್ಪು ಮಾತ್ರ ಹಾಕಿ, ಕುಡಿದ ಮೇಲೆ ಇನ್ನರ್ಧ ತರುತ್ತಿದ್ದಳು. ನರದ ಬೇನೆ ಎಂದುಕೊಂಡಿದ್ದಳು.

"ಇಪ್ಪತ್ತು ವರ್ಷದಾವಿದ್ದ. ಅವ ಕೆಲಸ ಮಾಡೋ ಗೋದಾಮಿನ್ಯಾಗ ತಾಮ್ರದ ತಂತಿ ಕಳುವಾತು. ಠಾಣೆಕ್ಕ ಒಯ್ದು ಮೂರು ದಿನ ಹೊಡದ್ರು. ಮೂರನೇ ದಿನ, ಬಾವ್ಯಾಗ ಒಗದೀನಿ ಅಂದ. ಬಾವಿ ನೀರೆಲ್ಲಾ ಎತ್ತಿಸಿದ್ರು. ಕೆಸರಿನ್ಯಾಗ ಯಾರದೋ ಒಂದು ಕೊಡ ಸಿಕ್ತು, ಅಷ್ಟ. ತಂತಿ ಗೋದಾಮಿನ ಹಿಂದಿನ ಖೋಲ್ಯಾಗ ಇತ್ತು. ಒಂದು ವಾರದ ಮ್ಯಾಲೆ ಸಿಕ್ತು."

ವಿಶಾಲಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಬಾವಿನಾದ್ರೂ ತೋರ್ಸಿದ್ನಲ್ಲ," ಎಂದಳು. "ಇವನೂ ಒಂದು ಜಾಗಾ ತೋರಸ್ಲಿ. ಸುಳ್ಳಾದ್ರೂ ಇರ್ಲಿ. ಹೋಗಿ ಒಂದು ಹೂವಿಟ್ಟು ಬರ್ತೀನಿ. ಇಲ್ಲಿ ಅದಾಳ ಅಂತ ಒಂದು ಕಡಿಗೆ ಕುಂತು ಅಳ್ತೀನಿ."

ನರಹರಿ ಹಾಳೆಯನ್ನೂ ಪೆನ್ನನ್ನೂ ಅವಳ ಮಡಿಲಲ್ಲಿ ಇಟ್ಟ. "ನೀ ಹೂಂ ಅಂದ್ರ ಮಾಡ್ತೀನಿ. ಆಮ್ಯಾಲೆ ನಿನಗ ಏನೂ ಅನ್ನೂದಿಲ್ಲ."

ಆಗ ಮಹೇಶಕುಮಾರನನ್ನು ಹೊರಗೆ ತಂದರು. ಕೈಗೆ ಬೇಡಿ ಇರಲಿಲ್ಲ. ಪೇದೆಯೊಬ್ಬ ಅವನ ಬೆರಳುಗಳಲ್ಲಿ ತನ್ನ ಬೆರಳು ಹೆಣೆದು ಹಿಡಿದಿದ್ದ. ದೂರದಿಂದ ನೋಡಿದರೆ ಜಾತ್ರೆಗೆ ಹೊರಟ ಗೆಳೆಯರಂತಿದ್ದರು. ವಿಶಾಲಾಕ್ಷಿ ಹಾಳೆಯನ್ನೂ ಪೆನ್ನನ್ನೂ ಕಟ್ಟೆಯ ಮೇಲಿಟ್ಟು ಎದ್ದಳು. ವ್ಯಾನಿನ ಹತ್ತಿರ ಹೋಗಿ ಎದುರು ನಿಂತಳು. ಪೇದೆ "ಜರುಗಮ್ಮಾ" ಎಂದು ಸರಿಯಲು ಹೇಳಿದ, ಆದರೆ ಮುಂದೆ ಎಳೆಯಲಿಲ್ಲ.

ಇಷ್ಟು ತಿಂಗಳು ಅವಳು ಮನಸ್ಸಿನಲ್ಲಿ ಕಟ್ಟಿಟ್ಟಿದ್ದ ಶಾಪಗಳು ಒಂದೂ ಬರಲಿಲ್ಲ. "ಎಕ್ಕಡುಂದಿ ಬಾಬು, ಮಾ ಅಮ್ಮಾಯಿ?" ಎಂದಳು. ನಮ್ಮ ಹುಡುಗಿ ಎಲ್ಲಿದ್ದಾಳಪ್ಪಾ ಎಂದು, ಪಕ್ಕದ ಮನೆಯ ಹುಡುಗನನ್ನು ಕೇಳುವ ದನಿಯಲ್ಲಿ.

ಅವನು ಮೊದಲ ಬಾರಿಗೆ ಅವಳನ್ನು ನೋಡಿದ. ಗಲ್ಲದ ಮೇಲೆ ಕ್ಷೌರದ ಕತ್ತಿ ತಾಗಿದ ಗೆರೆಯಿತ್ತು. ಮಧುರಾಳ ವಯಸ್ಸೇ. "ತೆಲೀದಮ್ಮಾ," ಎಂದ, ಗೊತ್ತಿಲ್ಲ ಎಂದು. ತುಟಿ ಮತ್ತೊಮ್ಮೆ ಅಲುಗಿತು. ವಿಶಾಲಾಕ್ಷಿ ಕಾದಳು, ಪೇದೆಯೂ ಕಾದ. ಮಾತು ಹೊರಡಲಿಲ್ಲ. ಅವನ ಕಣ್ಣಿನಲ್ಲಿ ಅವಳು ಏನನ್ನೋ ಹುಡುಕಿದಳು. ಅಲ್ಲಿದ್ದದ್ದು ಭಯ, ಅದು ಕೊಂದವನದೋ ಕೊಲ್ಲದವನದೋ ಎಂದು ಹೇಳಲು ಅವಳಿಗೆ ಬರಲಿಲ್ಲ. ವ್ಯಾನಿನ ಬಾಗಿಲು ಮುಚ್ಚಿತು.

ಕಟ್ಟೆಗೆ ಮರಳಿ ಬಂದು ಅವಳು ಹಾಳೆಯನ್ನು ಗಂಡನ ಕಡೆಗೆ ಸರಿಸಿದಳು.

"ಹೊಡದ್ರ ಹೇಳ್ತಾನ," ಎಂದಳು. "ಏನರ ಒಂದು ಹೇಳೇ ಹೇಳ್ತಾನ. ಅಲ್ಲಿ ಆಕಿ ಇರಲಿಲ್ಲಂದ್ರ, ಇನ್ನೊಮ್ಮೆ ಅವನ್ನ ಯಾವ ಬಾಯಿಲೆ ಕೇಳ್ಲಿ ನಾ?"

ನರಹರಿ ಹಾಳೆ ತೆಗೆದುಕೊಂಡು ಹೋಗಿ ಎಸ್‌ಐ ಕೈಗೆ ಕೊಟ್ಟ. ಎಸ್‌ಐ ಸಹಿಯ ಖಾಲಿ ಜಾಗ ನೋಡಿದ. "ಸೋಚ್ ಲೋ, ಸಾಬ್," ಎಂದ, ಯೋಚಿಸಿ ನೋಡಿ ಎಂದು. ನರಹರಿ ಬೇಡವೆಂದು ತಲೆಯಾಡಿಸಿದ. ಆ ಹುಡುಗ ಹಾಳೆಯನ್ನು ನಾಲ್ಕು ಚೂರು ಮಾಡಿ ತನ್ನ ಜೇಬಿಗೇ ಹಾಕಿಕೊಂಡು ಜೀಪಿನ ಕಡೆಗೆ ನಡೆದ.

ಹಫೀಜ್‌ಪೇಟೆಯಲ್ಲಿ ಅವರು ಐದು ಗಂಟೆಯ ಲೋಕಲ್ ರೈಲು ಹತ್ತಿದರು. ಮುಂದಿನ ಹೈಟೆಕ್ ಸಿಟಿ ಸ್ಟೇಷನ್ನಿನಲ್ಲಿ ಆಫೀಸು ಬಿಟ್ಟ ಜನ ನುಗ್ಗಿದರು. ಒಬ್ಬ ಹುಡುಗಿ ವಿಶಾಲಾಕ್ಷಿಯ ಪಕ್ಕದಲ್ಲಿ ಇದ್ದ ಇಷ್ಟೇ ಜಾಗದಲ್ಲಿ ತೂರಿ ಕೂತು, ಬ್ಯಾಗನ್ನು ತಬ್ಬಿಕೊಂಡು ಕಣ್ಣು ಮುಚ್ಚಿದಳು. ಭರತ್ ನಗರ ಬರುವಷ್ಟರಲ್ಲಿ ಅವಳ ತಲೆ ವಾಲಿ ವಿಶಾಲಾಕ್ಷಿಯ ಭುಜದ ಮೇಲೆ ನಿಂತಿತು. ವಿಶಾಲಾಕ್ಷಿ ಹುಡುಗಿಯ ಕತ್ತು ನೋಯದಂತೆ ಭುಜವನ್ನು ಒಂದಿಷ್ಟು ತಗ್ಗಿಸಿದಳು.

ಬೇಗಂಪೇಟೆ ಬಂತು. ನರಹರಿ ಕೈಚೀಲ ಹಿಡಿದು ಎದ್ದ. "ಏಳು, ಬಂತು."

ಅವಳು ಏಳಲಿಲ್ಲ. ಕಣ್ಣಿನಲ್ಲೇ ಭುಜದ ಕಡೆ ತೋರಿಸಿದಳು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ನರಹರಿ ಬಾಗಿಲಿನವರೆಗೆ ಹೋದವನು ತಿರುಗಿ ಬಂದು, ಎದುರಿನ ಸೀಟಿನ ತುದಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ರೈಲು ಹೊರಟಿತು. ಹುಡುಗಿಯ ಕೊರಳಿನ ಐಡಿ ಕಾರ್ಡು ಮಗುಚಿ ಬಿದ್ದಿತ್ತು. ವಿಶಾಲಾಕ್ಷಿ ಅದನ್ನು ತಿರುಗಿಸಿ ಹೆಸರು ನೋಡಲಿಲ್ಲ.