ಕಾಲ್ಗುಣದ ಷೇರು

ಕಾತ್ಯಾಯಿನಿ, ಕಿರಣ್ ಇಬ್ಬರೂ ದುಡಿಯುವವರು. ಐರ್ಲೆಂಡಿನ ಗಾಲ್ವೇ ಊರಂಚಿನ ಪಾರ್ಕ್‌ಮೋರ್‌ನಲ್ಲಿ ಅವನದು ಸಾಫ್ಟ್‌ವೇರ್ ಕೆಲಸ. ಅವಳದು ಅಲ್ಲೇ ಒಂದು ಕಾರ್ಖಾನೆಯಲ್ಲಿ ಹೃದಯದ ರಕ್ತನಾಳಕ್ಕೆ ತೂರಿಸುವ ಸಣ್ಣ ನಳಿಕೆಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಮುಂದಕ್ಕೆ ಬಿಡುವ ಕೆಲಸ. ಬೆಳಗ್ಗೆ ಉಪ್ಪಿಟ್ಟು ಮಾಡಿ, ಡಬ್ಬಿ ಕಟ್ಟಿಕೊಂಡು, ಒಂದೇ ಕಾರಿನಲ್ಲಿ ಹೋಗಿ ಬರುತ್ತಿದ್ದರು. ಮದುವೆಯಾಗಿ ಎರಡು ತಿಂಗಳಾಗಿತ್ತಷ್ಟೆ. ಸ್ವಂತ ಮನೆಯ ಮುಂಗಡಕ್ಕೆಂದು ಇಬ್ಬರೂ ಕೂಡಿಟ್ಟದ್ದು ಒಂದು ಜಂಟಿ ಖಾತೆಯಲ್ಲಿತ್ತು. ದೊಡ್ಡ ಮೊತ್ತ ತೆಗೆಯಬೇಕಾದರೆ ಇಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಒಪ್ಪಿಗೆ ಕೊಡಬೇಕಿತ್ತು.

ಈ ನೆಮ್ಮದಿಗೆ ಕಲ್ಲು ಹಾಕಿದವರು ಹೊರಗಿನವರಲ್ಲ. ಕಿರಣನ ಸೋದರಮಾವ ವೆಂಕಟೇಶ ಡಬ್ಲಿನ್ ಬಳಿಯ ಕ್ಲಾಂಡಾಲ್ಕಿನ್‌ನಲ್ಲಿ ಇಪ್ಪತ್ತು ವರ್ಷದಿಂದ ಇದ್ದವರು. ಮಾತಿನಲ್ಲೇ ಮನೆ ಕಟ್ಟಬಲ್ಲವರು. ಫೆಬ್ರವರಿಯ ರಜೆಗೆ ಗಾಲ್ವೇಗೆ ಬಂದವರು ಕಿಲ್‌ಡ್ರೆನ್ನಾ ಝಿಂಕ್ ಎಂಬ ಕಂಪನಿಯ ಹೆಸರು ತಂದರು. ಅದು ಗಣಿಯಲ್ಲ. ಅಡಿಯಲ್ಲಿ ಸತು ಇದ್ದರೂ ಇರಬಹುದಾದ ಒಂದಿಷ್ಟು ಹುಲ್ಲುಗಾವಲು, ಸರ್ಕಾರದ ಪರವಾನಗಿ, ಬಾಡಿಗೆಗೆ ತಂದ ಕೊರೆಯುವ ಯಂತ್ರ, ಇಷ್ಟೇ ಅದರ ಆಸ್ತಿ. ಷೇರಿಗೆ ಮೂರು ಪೆನ್ಸ್. ಸತು ಸಿಕ್ಕರೆ ಮೂವತ್ತಾಗುತ್ತದೆ, ಸಿಗದಿದ್ದರೆ ಸೊನ್ನೆಯಾಗುತ್ತದೆ. ವೆಂಕಟೇಶರು ಮೊದಲನೆಯದನ್ನು ಅರ್ಧ ಗಂಟೆ ಹೇಳಿದರು, ಎರಡನೆಯದನ್ನು ಕೆಮ್ಮಿನ ನಡುವೆ ಹೇಳಿದರು.

ಮೂರು ತಿಂಗಳ ವೀಸಾದಲ್ಲಿ ಬಂದಿದ್ದ ಕಿರಣನ ತಾಯಿ ವಾಸಂತಿ ತಮ್ಮನ ಮಾತಿಗೆ ತಮ್ಮದೊಂದು ಸೇರಿಸಿದರು.

"ಹೊಸ ಸೊಸೆ ಕೈಯಲ್ಲಿ ಮಾಡ್ಸೋ. ಅವಳ ಕಾಲ್ಗುಣ ಹೆಂಗಿದೆ ಅಂತ ಇದ್ರಲ್ಲೇ ಗೊತ್ತಾಗತ್ತೆ."

ಐರ್ಲೆಂಡಿಗೆ ರಜೆಯಾದರೂ ಈ ಷೇರು ಮಾರುವ ಲಂಡನ್ನಿನ ಪೇಟೆ ಬೆಳಗ್ಗೆ ಎಂಟಕ್ಕೆ ಸರಿಯಾಗಿ ತೆರೆಯುತ್ತದೆ. ವಾಸಂತಿ ದೀಪ ಹಚ್ಚಿದರು, ಫೋನಿಗೆ ಕುಂಕುಮ ಇಟ್ಟರು. ಕಾತ್ಯಾಯಿನಿ ನಗುತ್ತಲೇ ಬಲಗೈ ಬೆರಳಿನಿಂದ 'ಕೊಳ್ಳು' ಎಂಬ ಗುಂಡಿ ಒತ್ತಿದಳು.

ಆರು ವಾರಕ್ಕೆ ಮೂರು ಪೆನ್ಸ್ ಹನ್ನೊಂದಾಯಿತು. ನೆಲಕ್ಕೆ ಕೊರೆದ ಮೊದಲ ಕೊಳವೆಯಲ್ಲಿ ಸತು ಸಿಕ್ಕಿತ್ತು. ಸುಳ್ಳೇಕೆ ಹೇಳಬೇಕು, ಲಾಭ ಬಂದದ್ದು ನಿಜ, ಅದರಲ್ಲಿ ಅವಳಿಗೊಂದು ಜೊತೆ ಬಳೆ ಬಂದದ್ದೂ ನಿಜ. ವಾಸಂತಿ ಮೈಸೂರಿನ ನೆಂಟರಿಗೆಲ್ಲ ಫೋನು ಮಾಡಿ "ನಮ್ಮನೆಗೆ ಮಹಾಲಕ್ಷ್ಮೀನೇ ಬಂದಿದಾಳೆ" ಎಂದರು. ಕಾತ್ಯಾಯಿನಿಗೆ ಒಳಗೊಳಗೇ ಹಿತವಾಯಿತು. ಇಡೀ ದಿನ ಪರೀಕ್ಷೆ, ಪುರಾವೆ ಎಂದು ಮಾತಾಡುವವಳು ಮನೆಗೆ ಬಂದು ಮಹಾಲಕ್ಷ್ಮಿಯಾಗಿ ಕೂತಳು. ವೆಂಕಟೇಶರು ಇನ್ನಷ್ಟು ಹಾಕಿ ಅಂದಾಗ ಲಾಭವನ್ನೂ ಮುಂಗಡದ ಅರ್ಧವನ್ನೂ ಅದಕ್ಕೇ ಸುರಿದರು. ಅಂದೂ ಒತ್ತಿದ ಬೆರಳು ಅವಳದೇ.

ಜೂನಿನಲ್ಲಿ ಎರಡನೆಯ ಕೊಳವೆಯಲ್ಲಿ ಬರೀ ಕಲ್ಲು ಬಂತು. ಹನ್ನೊಂದು ನಾಲ್ಕಾಯಿತು. ಕೈ ಖಾಲಿಯಾದ ಕಂಪನಿ ಹೊಸ ಷೇರುಗಳನ್ನು ಅಗ್ಗಕ್ಕೆ ಹಂಚಿ ಹಣ ಎತ್ತಿತು. ಇದ್ದ ಮಜ್ಜಿಗೆಗೆ ಮತ್ತೆರಡು ತಂಬಿಗೆ ನೀರು ಸುರಿದಂತೆ ಹಳೆಯವರ ಪಾಲು ತೆಳ್ಳಗಾಯಿತು. ನಾಲ್ಕು ಎರಡಾಯಿತು. ಅದೇ ವಾರ ಮನೆ ಮಾಲೀಕನ ಪತ್ರವೂ ಬಂತು: ಮನೆ ಮಾರುತ್ತಿದ್ದೇನೆ, ಜನವರಿಯೊಳಗೆ ಖಾಲಿ ಮಾಡಿ.

ಕೊರೆಯುವ ಯಂತ್ರವನ್ನು ಯಾರೂ ಬೈಯಲಿಲ್ಲ. ಷೇರು ಹಂಚಿದ ನಿರ್ದೇಶಕರನ್ನೂ ಬೈಯಲಿಲ್ಲ. ಮೈಸೂರಿನಿಂದ ವಾಸಂತಿಯ ಮುಖ ಫೋನಿನಲ್ಲಿ ಮೂಡಿತು.

"ಏನಮ್ಮ, ಅವತ್ತು ಗುಂಡಿ ಒತ್ತೋ ಮುಂಚೆ ತಲೆಗೆ ಸ್ನಾನ ಮಾಡಿದ್ಯೋ ಇಲ್ವೋ? ಬಂದ ವರ್ಷದಲ್ಲೇ ಮನೇನ ಹಿಂಗೆ ತೊಳೆದು ಬಿಟ್ಯಲ್ಲ!"

ಕಾತ್ಯಾಯಿನಿ ಕಿರಣನ ಮುಖ ನೋಡಿದಳು. ಅವನು ಕಿಟಕಿಯ ಕಡೆ ನೋಡಿದ. ಅತ್ತೆಯ ಮಾತಿಗಿಂತ ಅವಳನ್ನು ಸುಟ್ಟದ್ದು ಅದು. ಆಮೇಲೆ ಮನೆಯಲ್ಲಿ ಹಾಲು ಒಡೆದರೂ ಅವಳ ಕಾಲೇ ಕಾರಣವಾಯಿತು.

ಸೆಪ್ಟೆಂಬರಿನಲ್ಲಿ ವಾಸಂತಿ ಮತ್ತೆ ಬಂದರು. ಅಷ್ಟರಲ್ಲಿ ವೆಂಕಟೇಶರ ಮಗ ಶಶಾಂಕನಿಗೂ ಮದುವೆಯಾಗಿತ್ತು. ಅವನು ಡನ್‌ಡಾಕ್‌ನಲ್ಲಿ ಕೆಲಸದ ಮೇಲಿದ್ದ. ಅಕ್ಟೋಬರ್ ಕೊನೆಯ ಸೋಮವಾರ, ಮತ್ತೆ ರಜೆ. ವೆಂಕಟೇಶರು ಇಪ್ಪತ್ತಮೂರರ ಸೊಸೆ ತನ್ವಿಯನ್ನು ಕರೆದುಕೊಂಡು ಬೆಳಗ್ಗೆ ಏಳೂವರೆಗೇ ಬಾಗಿಲು ತಟ್ಟಿದರು. ಹುಡುಗಿ ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು ನಡುಗುತ್ತಿದ್ದಳು. ವಾಸಂತಿ ಅವಳನ್ನು ಬಲಗಾಲಿಡಿಸಿ ಒಳಗೆ ಬರಮಾಡಿಕೊಂಡು, ದೇವರ ಮುಂದಿನ ಮಣೆಯ ಮೇಲೆ ಕೂರಿಸಿದರು. ಕಾತ್ಯಾಯಿನಿಗೆ ಆಗ ಅರ್ಥವಾಯಿತು. ಉಳಿದ ಅರ್ಧ ಮುಂಗಡ ಇಂದು ಹೋಗಬೇಕು. ಬೆರಳು ಮಾತ್ರ ಬೇರೆ.

"ಮೂರನೇ ಕೊಳವೆ ಕೊರೀತಿದಾರೆ," ಎಂದರು ವೆಂಕಟೇಶ. "ಎರಡು ಪೆನ್ಸ್‌ಗೆ ಸಿಗ್ತಾ ಇದೆ. ಈಗ ಹಾಕಿದ್ರೆ ಹೋಗಿದ್ದೆಲ್ಲ ವಾಪಸ್ ಬರತ್ತೆ. ಯು ವಿಲ್ ಬಿ ಗ್ರ್ಯಾಂಡ್ ಕಿರಣ್, ಎಲ್ಲ ಸರಿಹೋಗತ್ತೆ."

ಕಿರಣ ತನ್ನ ಫೋನಿನಲ್ಲಿ ಒಪ್ಪಿಗೆ ಕೊಟ್ಟಾಗಿತ್ತು. ಮೇಜಿನ ಮೇಲೆ ಕಾತ್ಯಾಯಿನಿಯ ಫೋನು ಒಮ್ಮೆ ಗುಂಯ್‌ಗುಟ್ಟಿತು. ಗಡಿಯಾರದಲ್ಲಿ ಎಂಟಕ್ಕೆ ಇನ್ನೂ ಎಂಟು ನಿಮಿಷ ಇತ್ತು.

"ಒಪ್ಪಿಗೆ ಕೊಡು ಕಾತ್ಯಾ," ಎಂದ ಕಿರಣ.

"ಇಲ್ಲ."

ವಾಸಂತಿಯ ಕೈಯ ಆರತಿ ತಟ್ಟೆ ಅಲ್ಲೇ ನಿಂತಿತು. "ಏನಂದೆ?"

"ಕೊಡಲ್ಲ ಅತ್ತೆ. ಜನವರಿಗೆ ಮನೆ ಬಿಡ್ಬೇಕು. ನಾವು ಎಲ್ಲಿಗೆ ಹೋಗೋದು?"

"ನಿನ್ನ ಕೈಲಿ ಮಾಡು ಅಂತಿಲ್ವಲ್ಲ! ನಿನ್ನ ಕಾಲ್ಗುಣ ನೋಡಿ ಆಯ್ತು. ಈ ಮಗು ಮಾಡ್ತಾಳೆ, ನಿಂಗೇನು ಹೊಟ್ಟೆಕಿಚ್ಚಾ?"

ಅಳು ಬಂದರೆ ಸೋತಂತೆ ಎಂದು ಕಾತ್ಯಾಯಿನಿ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅತ್ತೆ, ಕಾರ್ಖಾನೇಲಿ ಒಂದು ನಳಿಕೆ ಚೆನ್ನಾಗಿದೆ ಅಂತ ಸಾವಿರ ನಳಿಕೆ ಪಾಸ್ ಮಾಡಿದ್ರೆ ನನ್ನ ಕೆಲಸದಿಂದ ತೆಗೀತಾರೆ. ನೆಲದಲ್ಲಿ ಒಂದು ಕಡೆ ಸತು ಸಿಕ್ತು, ಏರ್ತು. ಇನ್ನೊಂದು ಕಡೆ ಸಿಗ್ಲಿಲ್ಲ, ಇಳೀತು. ಮೂರನೇದು ಯಾರಿಗೂ ಗೊತ್ತಿಲ್ಲ, ಕೊರಿಯೋನಿಗೂ ಗೊತ್ತಿಲ್ಲ. ನಾನು ತಲೆಗೆ ಸ್ನಾನ ಮಾಡೋದಕ್ಕೂ ಅದಕ್ಕೂ ಏನು ಸಂಬಂಧ?"

"ಏರಿದಾಗ ಈ ಮಾತು ಎಲ್ಲಿ ಹೋಗಿತ್ತಮ್ಮ?" ವೆಂಕಟೇಶರು ನಕ್ಕರು. "ಬಳೆ ಹಾಕ್ಕೊಂಡು ಓಡಾಡಿದ್ಯಲ್ಲ!"

"ಹೌದು ಮಾಮ. ಅದೇ ನನ್ನ ತಪ್ಪು." ಅವಳು ಕುರ್ಚಿ ಬಿಟ್ಟು ಮುಂದೆ ಬಂದಳು. "ಹೊಗಳಿದಾಗ ಸುಮ್ಮನೆ ಕೂತೆ. ಅದಕ್ಕೇ ಬೈದಾಗ ಮಾತಾಡೋಕೆ ಬಾಯಿ ಇರ್ಲಿಲ್ಲ. ಇವತ್ತು ಅದೇ ಮಣೆ ಮೇಲೆ ಇವಳನ್ನ ಕೂರಿಸಿದೀರ. ನಾಳೆ ಇಳಿದ್ರೆ ನೀವಿಬ್ರೂ ಸೇರಿ ಇವಳನ್ನೇ ಬೈತೀರ. ಕಂಪನಿ ಲೆಕ್ಕ ಒಬ್ರೂ ಓದಲ್ಲ, ಓದದೆ ಇದ್ದಿದ್ದಕ್ಕೆ ತಪ್ಪು ಹೊರೋಕೆ ಒಂದು ಹೆಣ್ಣು ಬೇಕು ನಿಮಗೆ."

ತನ್ವಿ ತಲೆ ಎತ್ತಿ ಅವಳನ್ನೇ ನೋಡಿದಳು.

"ಕಾತ್ಯಾ, ಪ್ಲೀಸ್, ಎಲ್ಲರ ಮುಂದೆ..." ಎಂದ ಕಿರಣ.

"ನಿನ್ನ ಮುಂದೆ ನನ್ನ ಬೈದಾಗ ನೀನು ಕಿಟಕಿ ನೋಡ್ತಿದ್ದೆ ಕಿರಣ್."

ಎಂಟು ಹೊಡೆಯಿತು. ಕಾತ್ಯಾಯಿನಿ ಫೋನು ತೆಗೆದುಕೊಂಡು, ಎಲ್ಲರಿಗೂ ಕಾಣುವಂತೆ 'ನಿರಾಕರಿಸು' ಎಂಬುದನ್ನು ಒತ್ತಿದಳು. ವಾಸಂತಿ ಆರತಿಯನ್ನು ತಾವೇ ಊದಿ ಆರಿಸಿ ಕೋಣೆಗೆ ಹೋದರು.

ಇಲ್ಲಿಗೇ ಕಥೆ ಮುಗಿದಿದ್ದರೆ ಧೈರ್ಯ ಸುಲಭ ಎಂದುಕೊಳ್ಳಬಹುದಿತ್ತು. ಆದರೆ ಹತ್ತೂವರೆಗೆ ಸುದ್ದಿ ಬಂತು: ಮೂರನೆಯ ಕೊಳವೆಯಲ್ಲಿ ಸತು ಕಂಡಿದೆ. ಎರಡು ಪೆನ್ಸ್ ನೋಡನೋಡುತ್ತ ಮೂರಾಯಿತು, ನಾಲ್ಕಾಯಿತು. ವೆಂಕಟೇಶರು ಕಾಫಿ ಲೋಟ ಬಿಟ್ಟೆದ್ದರು. ವಾಸಂತಿ ಕೋಣೆಯಿಂದ ಓಡಿ ಬಂದರು.

"ನೋಡಿದ್ಯಾ? ಬಾಗಿಲಿಗೆ ಬಂದ ಲಕ್ಷ್ಮೀನ ಒದ್ದೆ! ಈ ಮಗು ಹೊಸಿಲು ದಾಟಿದ್ದಕ್ಕೇ ಇಷ್ಟು ಏರಿದೆ, ಕೈ ಮುಟ್ಟಿದ್ರೆ ಏನಾಗ್ತಿತ್ತೋ!"

ಒಂದು ಕ್ಷಣ, ಒಂದೇ ಕ್ಷಣ, ಒಪ್ಪಿಗೆ ಕೊಡಬೇಕಿತ್ತೇನೋ ಎಂದು ಕಾತ್ಯಾಯಿನಿಗೂ ಅನಿಸಿತು. ಗೆದ್ದ ಜೂಜೂ ಜೂಜೇ ಎಂದು ತನಗೆ ತಾನೇ ಹೇಳಿಕೊಂಡಳು.

"ಇನ್ನೂ ಏರತ್ತೆ," ಎಂದು ವೆಂಕಟೇಶರು ತಮ್ಮ ಫೋನನ್ನೇ ತನ್ವಿಯ ಮುಂದೆ ಹಿಡಿದರು. "ನಮ್ಮ ದುಡ್ಡೇ ಹಾಕೋಣ. ಒತ್ತಮ್ಮ. ನಿನ್ನ ಕಾಲ್ಗುಣ ಎಂಥಾದ್ದು ಅಂತ ಈಗ ಇಡೀ ಕ್ಲಾಂಡಾಲ್ಕಿನ್‌ಗೆ ತೋರಿಸ್ತೀನಿ."

ತನ್ವಿ ಫೋನು ನೋಡಿದಳು. ಸೋಫಾದ ತುದಿಯಲ್ಲಿ ತಲೆ ತಗ್ಗಿಸಿ ಕೂತ ಕಿರಣನನ್ನು ನೋಡಿದಳು. ಆಮೇಲೆ ಕಾತ್ಯಾಯಿನಿಯನ್ನು ನೋಡಿ, ಮಣೆಯಿಂದ ಎದ್ದು ನಿಂತಳು.

"ನಂಗೆ ಇಷ್ಟವಿಲ್ಲ ಮಾವ. ನೀವೇ ಒತ್ತಿ. ಏರಿದ್ರೂ ನಿಮ್ಮದು, ಇಳಿದ್ರೂ ನಿಮ್ಮದು." ಅವಳು ಫೋನನ್ನು ಅವರತ್ತಲೇ ಸರಿಸಿದಳು. "ನನ್ನ ಕಾಲು ನಡಿಯೋಕೆ ಇರೋದು."

ವೆಂಕಟೇಶರ ಹೆಬ್ಬೆರಳು ಫೋನಿನ ಮೇಲೆ ಬಹಳ ಹೊತ್ತು ನಿಂತಿತ್ತು. ತಪ್ಪು ಹೊರಲು ಯಾರೂ ಇಲ್ಲದ ಆ ಕೋಣೆಯಲ್ಲಿ, ಅವರು ಒತ್ತಲಿಲ್ಲ.